ಓದಿ ಹೇಳುವವಳು

ಓದುವಾಗ ನಾಲಿಗೆ ತೊದಲಿದರೆ ಎಲ್ಲರೂ ತನ್ನತ್ತಲೇ ತಿರುಗುತ್ತಾರಲ್ಲ ಎಂಬುದೊಂದೇ ಅವಳ ಚಿಂತೆಯಾಗಿತ್ತು. ಊರ ಸಭಾಂಗಣದಲ್ಲಿ ನಡೆದಿದ್ದ ಮೂರು ಧರ್ಮದವರ ಮಾತುಕತೆಯಲ್ಲಿ ಒಬ್ಬರು ಆಡಿದ್ದನ್ನು ಅವಳು ಬರೆದುಕೊಂಡು ಗಟ್ಟಿಯಾಗಿ ಓದಬೇಕು. ಅವರು ‘ಹೌದು, ಇದೇ ನನ್ನ ಮಾತು’ ಎಂದ ಮೇಲೆಯೇ ಇನ್ನೊಬ್ಬರು ಬಾಯಿ ತೆರೆಯಬೇಕು. ಮೌಲ್ವಿಯವರ ಮಾತನ್ನು ಓದಲು ತಲೆ ಎತ್ತಿದಾಗ, ಕಿಟಕಿಯಾಚೆ ಅವಳ ಅಣ್ಣ ಕೈ ಬೀಸುವುದು ಕಂಡಿತು. ಗಾಜು ಒಡೆದು ಬಂದ ಕಲ್ಲು ಚರ್ಚಿನ ಫಾದರ್ ಹಣೆಗೆ ಬಡಿಯಿತು.

ಜನ ಹೊರಗೆ ನುಗ್ಗಿ, ಅದೇ ಕಿಟಕಿಯ ಬಳಿ ವೈರ್ ಎಳೆಯುತ್ತಿದ್ದ ಮೈಕಿನವನನ್ನು ಕಾಲರ್ ಹಿಡಿದು ಎಳೆತಂದರು. “ಮಸೀದಿಗೆ ಮೈಕ್ ಕಟ್ಟೋನೂ ಇವನೇ ತಾನೇ, ಇನ್ನೇನ್ ಸಾಕ್ಷಿ ಬೇಕು?” ಎಂದು ಒಬ್ಬ ಅವನ ಬಾಯಿಗೆ ಗುದ್ದಿದ. “ಸಾಯಿಸ್ತೀರೇನ್ರೋ, ಬಿಡ್ರೋ!” ಎಂದು ಅಡ್ಡ ಬಂದ ಮೌಲ್ವಿಯವರಿಗೂ ಒದೆ ಬಿತ್ತು. ದೇವಸ್ಥಾನದ ಅರ್ಚಕರಾದ ಅವಳ ಅಪ್ಪ ವೇದಿಕೆಯ ಮೇಲಿಂದಲೇ ಕಿರುಚಿದರು: “ಬರ್ಕೊಳ್ಳೇ! ಕಲ್ಲು ಹೊಡೆದೋನು ಇವನೇ ಅಂತ ಬರ್ಕೋ!”

ಫಾದರ್ ಹಣೆಗೆ ಒತ್ತಿದ್ದ ಕರವಸ್ತ್ರ ಕೆಂಪಾಗಿತ್ತು. “ತಡೀರಿ! ಅರ್ಚಕರ ಮಾತನ್ನ ಮೊದಲು ಓದಮ್ಮ. ನಿಯಮ ಅಂದ್ರೆ ನಿಯಮ,” ಎಂದು ಫಾದರ್ ಹೇಳಿದರು.

ಎತ್ತಿದ ಕೈಗಳು ಹಾಗೇ ನಿಂತವು. ಅಪ್ಪ ಹೇಳಿದ್ದನ್ನು ಅವಳು ಬರೆದೇಬಿಟ್ಟಿದ್ದಳು, ಎಂದಿನಂತೆ ಗುಂಡಗಿನ ಅಕ್ಷರದಲ್ಲಿ. ನೆಲದ ಮೇಲೆ ಬಿದ್ದಿದ್ದ ಮೈಕಿನವನು ಮುರಿದ ಹಲ್ಲೊಂದನ್ನು ಅಂಗೈಗೆ ಉಗುಳಿಕೊಂಡು ನೋಡುತ್ತಿದ್ದ. ಅವಳು ಪುಸ್ತಕ ಮುಚ್ಚಿದಳು.

“ಅಪ್ಪಾ, ಕಲ್ಲು ಹೊಡೆದಿದ್ದು ನಮ್ಮಣ್ಣ. ನಾನು ನೋಡ್ದೆ.”