ಹಿಂದಿನಿಂದ ಗುದ್ದಿದವನು

"ಹಿಂದಿನಿಂದ ಗುದ್ದಿದವನದೇ ತಪ್ಪು! ಮುಂದಿರೋನಿಗೆ ಬೆನ್ನಲ್ಲಿ ಕಣ್ಣಿರುತ್ತಾ?" ಬಸ್ ಡಿಪೊದ ಟಿವಿಯಲ್ಲಿ ಫಾರ್ಮುಲಾ ರೇಸಿನ ಎರಡು ಕಾರುಗಳು ಡಿಕ್ಕಿಯಾಗಿದ್ದೇ ತಡ, ಹಿರಿಯ ಚಾಲಕ ಮೇಜು ಗುದ್ದಿದ. ಮುಂದಿದ್ದವನು ಅವನ ಮೆಚ್ಚಿನ ರೇಸರ್. ಚಾಂಪಿಯನ್ ಪಟ್ಟ ಕೈತಪ್ಪಿದಂತೆಯೇ.

"ನಿಮ್ಮೋನೇ ದಿಢೀರ್ ಬ್ರೇಕ್ ಹಾಕಿರಬೇಕು ಕಣಣ್ಣ," ಎಂದ ಮೆಕ್ಯಾನಿಕ್.

"ಹಾಕ್ಲಿ! ಅಂತರ ಬಿಡೋದು ಹಿಂದಿನವನ ಕೆಲಸ. ಬ್ರೇಕ್ ಅನ್ನೋದೆಲ್ಲ ಬರೀ ನೆಪ."

ಬಾಗಿಲ ಬಳಿ ಕುಳಿತಿದ್ದ ಟಿಕೆಟ್ ಗುಮಾಸ್ತ ತಲೆಯೆತ್ತಿದ. ಹೋದ ವರ್ಷದವರೆಗೆ ಅವನೂ ಚಾಲಕನೇ. ಅವನ ಬಸ್ಸಿಗೆ ಹಿಂದಿನಿಂದ ಗುದ್ದಿದ್ದ ಈ ಹಿರಿಯ, "ಅವನೇ ದಿಢೀರ್ ಬ್ರೇಕ್ ಹಾಕಿದ" ಎಂದು ವಿಚಾರಣೆಯಲ್ಲಿ ಹೇಳಿ ಪಾರಾಗಿದ್ದ; ತಪ್ಪು ಗುಮಾಸ್ತನ ತಲೆಗೆ ಬಂದು ಚಾಲಕನ ಕೆಲಸ ಹೋಗಿತ್ತು.

"ಈ ಮಾತನ್ನ ಅವತ್ತೇ ಹೇಳಬೇಕಿತ್ತಣ್ಣ," ಎಂದ ಗುಮಾಸ್ತ, ಮೆಲ್ಲಗೆ.

ಹಿರಿಯ ಎದ್ದು ಟಿವಿ ಆರಿಸಿದ. "ನಾಳೆ ಮ್ಯಾನೇಜರ್ ಹತ್ರ ನಾನೇ ಹೋಗಿ ಹೇಳ್ತೀನಿ," ಎಂದ. ಗುಮಾಸ್ತನ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.