ಕಾಕಾನ ಜಾಗ

ಫ್ಲೆಕ್ಸ್ ಸುಡುವ ವಾಸನೆ ಬಂದರೆ ಈಗಲೂ ನನಗೆ ಇಳಕಲ್ಲಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಯುದ್ಧ ಆಗಲೇಬೇಕೆಂದು ಭಾಷಣ ಮಾಡಿದ ಮಂತ್ರಿಯ ಫ್ಲೆಕ್ಸನ್ನು ನಮ್ಮ ಮಗ್ಗದ ಮನೆಯ ಮುಂದೆ ಕಟ್ಟಿದವನು ಅಪ್ಪನೇ. ಅವರನ್ನು ಹೆಗಲ ಮೇಲೆ ಹೊತ್ತು ಕುಣಿದವನೂ ಅವನೇ. ಯುದ್ಧ ಆಯಿತು. ಅಪ್ಪನ ತಮ್ಮ, ಸೈನ್ಯದಿಂದ ರಜೆಗೆ ಬಂದಾಗಲೆಲ್ಲ ಮಗ್ಗಕ್ಕೆ ಕೂರುತ್ತಿದ್ದ ನಮ್ಮ ಕಾಕಾ, ಪೆಟ್ಟಿಗೆಯಲ್ಲಿ ಬಂದ. ಮುಖ ತೋರಿಸಲಿಲ್ಲ, ತೋರಿಸುವಂಥದ್ದು ಉಳಿದಿರಲಿಲ್ಲ.

ಮೂರನೇ ದಿನ ಮಂತ್ರಿ ಹಾರ ಹಿಡಿದು ಬಂದರು. ಅಪ್ಪ ಫ್ಲೆಕ್ಸ್ ಹರಿದು ಬೆಂಕಿ ಹಚ್ಚಿದ.

"ನಿನ್ನ ಹೊತ್ತ ಹೆಗಲ ಮ್ಯಾಲನ ನನ್ನ ತಮ್ಮನ ಹೆಣಾ ಹೊತ್ತೇನಲೇ!"

ಮೊದಲ ಕಲ್ಲು ಅವನದು. ಆಮೇಲೆ, ಅಂದು ಜೈಕಾರ ಹಾಕಿದ್ದ ಓಣಿಯೇ ಕಲ್ಲು ತೂರಿತು. ಕಾರಿನ ಗಾಜು ಒಡೆಯಿತು. ಮಂತ್ರಿಯ ಹಣೆ ಸೀಳಿ, ಬಿಳಿ ಅಂಗಿ ರಕ್ತದಲ್ಲಿ ತೊಯ್ದಿತು.

ಆಯಿ, ಅಪ್ಪನ ತಾಯಿ, ನಡುವೆ ನುಗ್ಗಿ ಅವರ ಕೈ ಹಿಡಿದಳು.

"ಸೀರಿಗೆ ಸೆರಗ ಜೋಡಸಾಕ ಮೂರ ಮಂದಿ ಬೇಕ್ರಿ, ಸಾಹೇಬ್ರ. ನನ್ನ ಮಗನ ಜಾಗಾ ಖಾಲಿ ಐತಿ. ಬರ್ರಿ, ಕುಂದರ್ರಿ."

ಮಂತ್ರಿ ಕೈ ಕಿತ್ತುಕೊಂಡು ಕಾರಿಗೆ ಓಡಿದರು.

ಆಯಿ ಒಳಗೆ ಬಂದು ಮಗ್ಗದ ಮುಂದೆ ಕುಳಿತಳು. ಅರ್ಧ ಜೋಡಿಸಿದ ಕೆಂಪು ಸೆರಗಿನ ಎಳೆಗಳು ಹಾಗೇ ಜೋತುಬಿದ್ದಿದ್ದವು. ನನ್ನತ್ತ ನೋಡಿದಳು.

"ಬಾರವ್ವಾ, ನೀನರ ಕುಂದರ ಬಾ."

ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು, ಕಾಕಾನ ಜಾಗದಲ್ಲಿ ಕುಳಿತೆ.