ನೀರು ಇಳಿದ ನೆಲದ ಹುಳುಗಳು

ಬಿಸಿಲಿಗೆ ಒಣಗಿದ ಕೆಸರಿನ ವಾಸನೆ ಬಂದರೆ ನನಗೆ ಇಂದಿಗೂ ಮಾಸ್ತಿಕಟ್ಟೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಬೇಸಿಗೆಗೆ ಅಣೆಕಟ್ಟಿನ ನೀರು ಇಳಿದಿತ್ತು. ಮುಳುಗಿದ್ದ ತವರುಮನೆಯ ಜಾಗ ನೋಡಲು ಅಪ್ಪನ ಒಡಹುಟ್ಟಿದ ಅತ್ತೆ ಹೊರಟಳು. ಅಪ್ಪ ಬರಲು ಒಪ್ಪಲಿಲ್ಲ, ನಾನು ಹೋದೆ.

ಬಿರುಕುಬಿಟ್ಟ ನೆಲದ ಮೇಲೆ ಕಂಚಿನ ಬಣ್ಣದ ಪುಟ್ಟ ಹುಳುಗಳು ಓಡಾಡುತ್ತಿದ್ದವು. ಮೋಡದ ನೆರಳು ಬಿದ್ದರೆ ಕಲ್ಲಿನಡಿ ಸೇರುತ್ತಿದ್ದವು.

"ಮಳೆಗಾಲಕ್ಕೆ ಇವೆಲ್ಲಿಗೆ ಹೋಗ್ತವೆ ಅತ್ತೆ?"

"ನೀರು ಏರಿದ ಹಾಗೆ ಮೇಲೆ ಹೋಗ್ತವೆ ಕಣೆ. ಬಿಸಿಲು ಬೀಳೋ ನೆಲ ಎಲ್ಲಿದ್ರೂ ಅವಕ್ಕೆ ಸಾಕು."

ಆಮೇಲೆ ಅತ್ತೆ ಒಂದು ಕಲ್ಲನ್ನು ಸೆರಗಿನಿಂದ ಒರೆಸಿ ಕೂತಳು. ಅದು ಅವಳ ತವರಿನ ಜಗಲಿಯ ಮೆಟ್ಟಿಲಾಗಿತ್ತಂತೆ. ತುರುಬು ಬಿಚ್ಚಿ, "ಅಮ್ಮ ಇಲ್ಲೇ ಕೂರಿಸ್ಕೊಂಡು ನಂಗೆ ತಲೆ ಬಾಚ್ತಿದ್ಳು. ನೀನು ಸ್ವಲ್ಪ ಬಾಚ್ತೀಯಾ?" ಎಂದಳು.

ಬಾಚಣಿಗೆ ಇರಲಿಲ್ಲ. ಬೆರಳಿನಿಂದಲೇ ಅವಳ ನರೆಗೂದಲು ಬಾಚಿದೆ. ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.